ಹಳೆಯ ಪಿಕಪ್ ವಾಹನಗಳ ಚಾಸಿ ಹಾಗೂ ಕಮಾನು ಪಟ್ಟಿಗಳ ತುಕ್ಕು: ಅರ್ಹತಾ ಪತ್ರದ ಅರ್ಜಿದಾರರಿಗೆ ಮಾಹಿತಿ

ಕಲಬುರಗಿ ನಗರದ ಮಾರುಕಟ್ಟೆಗಳಿಗೂ ಕಮಲಾಪುರ ತಾಲ್ಲೂಕಿನ ಹೊಲ-ತೋಟಗಳಿಗೂ ನಡುವೆ ಸರಕು ಸಾಗಿಸುವ ಸಣ್ಣ ಪಿಕಪ್ ವಾಹನಗಳು ಅನೇಕ ಕುಟುಂಬಗಳ ಜೀವನಾಧಾರವಾಗಿವೆ. ತೊಗರಿ, ಕಮಲಾಪುರದ ಕೆಂಪು ಬಾಳೆ, ತರಕಾರಿ, ರಸಗೊಬ್ಬರ, ಸಿಮೆಂಟು ಹಾಗೂ ಶಹಾಬಾದ್ ಕಲ್ಲು ಮುಂತಾದ ಸರಕುಗಳು ರಾಷ್ಟ್ರೀಯ ಹೆದ್ದಾರಿ 50 ಹಾಗೂ ಅದಕ್ಕೆ ಸೇರುವ ಹಳ್ಳಿ ರಸ್ತೆಗಳ ಮೂಲಕ ಈ ವಾಹನಗಳಲ್ಲಿಯೇ ಸಾಗುತ್ತವೆ. ಇವುಗಳಲ್ಲಿ ಹತ್ತು, ಹದಿನೈದು ವರ್ಷ ದಾಟಿದ ವಾಹನಗಳೂ ಇವೆ.

ವಾಹನ ಮಾಲೀಕರು ಸಾಮಾನ್ಯವಾಗಿ ಇಂಜಿನ್, ಟೈರು ಮತ್ತು ಬ್ರೇಕುಗಳ ಬಗ್ಗೆ ಎಚ್ಚರ ವಹಿಸುತ್ತಾರೆ. ವಾಹನದ ಅಡಿಯಲ್ಲಿರುವ ಚಾಸಿ ಮತ್ತು ಕಮಾನು ಪಟ್ಟಿಗಳು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅವುಗಳ ಕಡೆಗೆ ಗಮನ ಕಡಿಮೆ. ತುಕ್ಕು ಎಂಬುದು ಸಮುದ್ರ ತೀರದ ಊರುಗಳ ಸಮಸ್ಯೆ, ಬಿಸಿಲು ನಾಡಾದ ಕಲಬುರಗಿಯಲ್ಲಿ ಅದರ ಭಯವಿಲ್ಲ ಎಂಬ ನಂಬಿಕೆಯೂ ಇದೆ. ಈ ನಂಬಿಕೆ ಸರಿಯಲ್ಲ. ಅರ್ಹತಾ ಪತ್ರದ ತಪಾಸಣೆಗೆ, ಅಂದರೆ ಜನರ ಮಾತಿನಲ್ಲಿ ‘ಎಫ್.ಸಿ.’ ಅಥವಾ ‘ಪಾಸಿಂಗ್’ಗೆ ವಾಹನವನ್ನು ಸಿದ್ಧಪಡಿಸುವಾಗ ಚಾಸಿಗೆ ಕಪ್ಪು ಬಣ್ಣ ಬಳಿಯುವ ರೂಢಿಯಿಂದ ಈ ದೋಷವು ಇನ್ನಷ್ಟು ಮರೆಯಾಗುತ್ತದೆ.

ಆದ್ದರಿಂದ ಅರ್ಜಿದಾರರು ಮೊದಲು ಗಮನಿಸಬೇಕಾದ ಸೂಚನೆ ಇದು: ಬಣ್ಣ ಬಳಿಯುವ ಮುನ್ನ ಚಾಸಿಯನ್ನು ತೊಳೆದು, ಕೆರೆದು, ತಟ್ಟಿ ಪರೀಕ್ಷಿಸತಕ್ಕದ್ದು. ಇದರ ಕಾರಣ, ಪರೀಕ್ಷೆಯ ವಿಧಾನ, ದುರಸ್ತಿಯ ಕ್ರಮ ಹಾಗೂ ಕಾನೂನಿನ ಅಂಶಗಳನ್ನು ಕೆಳಗೆ ವಿವರಿಸಲಾಗಿದೆ.

1. ಚಾಸಿ ಮತ್ತು ಕಮಾನು ಪಟ್ಟಿಗಳ ಕಾರ್ಯ

ಹೆಚ್ಚಿನ ಪಿಕಪ್ ವಾಹನಗಳ ಚಾಸಿಯು ಏಣಿಯ ಆಕಾರದಲ್ಲಿರುತ್ತದೆ. ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅವುಗಳನ್ನು ಕೂಡಿಸುವ ಕೆಲವು ಅಡ್ಡ ತೊಲೆಗಳು ಇದರ ಭಾಗಗಳು. ಇಂಜಿನ್, ಚಾಲಕರ ಕ್ಯಾಬಿನ್, ಸರಕಿನ ತೊಟ್ಟಿ, ಸ್ಟೇರಿಂಗ್ ಪೆಟ್ಟಿಗೆ, ಇಂಧನ ಟ್ಯಾಂಕು ಎಲ್ಲವೂ ಈ ಏಣಿಯ ಮೇಲೆಯೇ ನಿಂತಿರುತ್ತವೆ. ಬ್ರೇಕಿನ ಸಣ್ಣ ಕೊಳವೆಗಳೂ ಇದರ ಉದ್ದಕ್ಕೆ ಹಾದುಹೋಗುತ್ತವೆ.

ಹಿಂದಿನ ಗಾಲಿಗಳ ಆಕ್ಸೆಲ್ ಅನ್ನು ಚಾಸಿಗೆ ಜೋಡಿಸುವುದು ಕಮಾನು ಪಟ್ಟಿಗಳ ಕಟ್ಟು. ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು ಹೊರೆಯ ಭಾರವನ್ನು ಹೊತ್ತು ರಸ್ತೆಯ ಕುಲುಕಾಟವನ್ನು ತಡೆಯುತ್ತವೆ. ಇವುಗಳ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಆಕ್ಸೆಲ್ ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದೂ ಈ ಪಟ್ಟಿಗಳೇ. ಎರಡೂ ತುದಿಗಳಲ್ಲಿ ಸುರುಳಿ ಇರುವ ಮೊದಲ ಪಟ್ಟಿಯು ಬ್ರಾಕೆಟ್ ಮತ್ತು ಶ್ಯಾಕಲ್‌ಗಳ ಮೂಲಕ ಚಾಸಿಗೆ ಸೇರುತ್ತದೆ. ಪಟ್ಟಿಗಳ ಕಟ್ಟನ್ನು ಆಕ್ಸೆಲ್‌ಗೆ ಬಿಗಿಯುವುದು ಯು-ಬೋಲ್ಟುಗಳು. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ವಾಹನವು ಚಾಲಕರ ಹತೋಟಿಯಲ್ಲಿ ಉಳಿಯುವುದಿಲ್ಲ.

2. ಒಣ ಪ್ರದೇಶದಲ್ಲಿ ತುಕ್ಕು ಹಿಡಿಯುವ ಬಗೆ

ಕಬ್ಬಿಣವು ನೀರು ಹಾಗೂ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಸೇರಿದಾಗ ತುಕ್ಕು ಉಂಟಾಗುತ್ತದೆ. ಉಪ್ಪಿನ ಅಂಶವಿದ್ದರೆ ಈ ಕ್ರಿಯೆ ವೇಗವಾಗಿ ನಡೆಯುತ್ತದೆ. ಕಲಬುರಗಿಯ ಬೇಸಿಗೆಯ ಗಾಳಿಯಲ್ಲಿ ತೇವ ಕಡಿಮೆ ಎಂಬುದು ನಿಜ. ಆದರೆ ಚಾಸಿಗೆ ತಗಲುವ ತೇವವು ಕೇವಲ ಗಾಳಿಯದ್ದಲ್ಲ. ಈ ಭಾಗದಲ್ಲಿ ತುಕ್ಕಿಗೆ ಮುಖ್ಯ ಕಾರಣಗಳು ಕೆಳಕಂಡಂತಿವೆ.

(ಅ) ಎರೆಮಣ್ಣು: ಕಪ್ಪು ಎರೆಮಣ್ಣು ನೀರನ್ನು ಹೀರಿ ಉಬ್ಬುತ್ತದೆ, ಅಂಟುತ್ತದೆ ಮತ್ತು ನಿಧಾನವಾಗಿ ಒಣಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಸಂಚರಿಸಿದ ವಾಹನದ ತೊಲೆಗಳ ಒಳಬದಿ, ಬ್ರಾಕೆಟ್‌ಗಳ ಸಂದು ಹಾಗೂ ಪಟ್ಟಿಗಳ ನಡುವೆ ಈ ಮಣ್ಣು ತುಂಬಿಕೊಳ್ಳುತ್ತದೆ. ಹೊರಗಿನ ಮೇಲ್ಮೈ ಒಂದೇ ದಿನದಲ್ಲಿ ಒಣಗಿದರೂ ಒಳಗಿನ ಮಣ್ಣು ದಿನಗಟ್ಟಲೆ ಹಸಿಯಾಗಿ ಉಳಿಯುತ್ತದೆ.

(ಆ) ರಸಗೊಬ್ಬರ: ಪೊಟ್ಯಾಷ್ ಗೊಬ್ಬರವೆಂದು ಮಾರಾಟವಾಗುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಪೊಟ್ಯಾಸಿಯಂ ಕ್ಲೋರೈಡ್. ಇದು ಅಡುಗೆ ಉಪ್ಪಿನ ಜಾತಿಗೇ ಸೇರಿದ ಲವಣ. ಯೂರಿಯಾ ಹಾಗೂ ಅಮೋನಿಯಂ ಗೊಬ್ಬರಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಹರಿದ ಚೀಲದಿಂದ ಉದುರಿದ ಗೊಬ್ಬರ ತೊಟ್ಟಿಯ ಹಲಗೆಗಳ ಸಂದಿನಿಂದ ಚಾಸಿಯ ಮೇಲೆ ಬಿದ್ದು ನೀರಿನೊಂದಿಗೆ ಸೇರಿದರೆ, ಸಮುದ್ರ ತೀರದಲ್ಲಿ ಆಗುವಂತಹ ಹಾನಿ ಇಲ್ಲಿಯೂ ಆಗುತ್ತದೆ.

(ಇ) ಹಸಿ ಸರಕು ಮತ್ತು ಜಾನುವಾರು: ಹಸಿ ಬಾಳೆಗೊನೆ, ತೊಳೆದ ತರಕಾರಿ, ಮಂಜುಗಡ್ಡೆಯಲ್ಲಿಟ್ಟ ಮೀನು ಇವುಗಳಿಂದ ನೀರು ಸೋರುತ್ತದೆ. ಜಾನುವಾರುಗಳ ಮೂತ್ರದಲ್ಲಿ ಲವಣಾಂಶವಿರುತ್ತದೆ.

(ಈ) ಮುಚ್ಚಿಹೋದ ರಂಧ್ರಗಳು: ತೊಲೆಗಳ ಒಳಗೆ ಸೇರಿದ ನೀರು ಹೊರಹೋಗಲು ತಯಾರಕರು ಕೆಳಭಾಗದಲ್ಲಿ ರಂಧ್ರಗಳನ್ನು ಇಟ್ಟಿರುತ್ತಾರೆ. ಇವು ಮಣ್ಣಿನಿಂದ ಮುಚ್ಚಿದರೆ ತೊಲೆಯು ಒಳಗಿನಿಂದ ಹೊರಕ್ಕೆ ಕೊರೆಯಲ್ಪಡುತ್ತದೆ. ಹೊರಗಿನ ಬಣ್ಣ ಕೊನೆಯವರೆಗೂ ಸರಿಯಾಗಿಯೇ ಕಾಣುತ್ತದೆ.

(ಉ) ನೆರೆಯಲ್ಲಿ ಮುಳುಗಿದ ವಾಹನಗಳು: 2020ರ ಅಕ್ಟೋಬರ್ ತಿಂಗಳಲ್ಲಿ ಭೀಮಾ ನದಿಯ ಪ್ರವಾಹವು ಕಲಬುರಗಿ ಜಿಲ್ಲೆಯ ನದಿ ತೀರದ ಗ್ರಾಮಗಳನ್ನು ಬಾಧಿಸಿತು. ಇಂತಹ ಸಂದರ್ಭದಲ್ಲಿ ಮುಳುಗಿದ ವಾಹನದ ಇಂಜಿನ್ನನ್ನು ದುರಸ್ತಿ ಮಾಡಿಸುವವರು ತೊಲೆಗಳೊಳಗೆ ಕುಳಿತ ಕೆಸರನ್ನು ಮರೆಯುತ್ತಾರೆ. ಅದರ ಪರಿಣಾಮ ಕೆಲವು ವರ್ಷಗಳ ನಂತರ ಕಾಣಿಸುತ್ತದೆ.

(ಊ) ಕರಾವಳಿಯಿಂದ ಬಂದ ವಾಹನಗಳು: ಸಮುದ್ರ ತೀರದ ನಗರಗಳಲ್ಲಿ ವರ್ಷಗಟ್ಟಲೆ ಓಡಿದ ವಾಹನವನ್ನು ಕಡಿಮೆ ಬೆಲೆಗೆ ಕೊಂಡು ತಂದಾಗ ಅದರೊಂದಿಗೆ ಆಗಲೇ ಹಿಡಿದ ತುಕ್ಕೂ ಬರುತ್ತದೆ. ಒಣ ಊರಿಗೆ ಬಂದ ಮಾತ್ರಕ್ಕೆ ತುಕ್ಕು ನಿಲ್ಲುವುದಿಲ್ಲ.

ಒಳಗಿನಿಂದ ಹಿಡಿಯುವ ತುಕ್ಕು ಎಷ್ಟು ಗಂಭೀರ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ಗಮನಿಸಬಹುದು. ಅಲ್ಲಿನ ಶೀತ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಟೊಯೋಟ ಸಂಸ್ಥೆಯ ಟಕೋಮ ಪಿಕಪ್ ವಾಹನಗಳ ಚಾಸಿಗಳು ತುಕ್ಕಿನಿಂದ ತೂತು ಬಿದ್ದ ದೂರುಗಳ ನಂತರ, 2008ರಲ್ಲಿ ಸಂಸ್ಥೆಯು 1995ರಿಂದ 2000ದವರೆಗಿನ ಮಾದರಿಗಳ ಚಾಸಿಗೆ ನೀಡುವ ಭರವಸೆಯ ಅವಧಿಯನ್ನು 15 ವರ್ಷಕ್ಕೆ ವಿಸ್ತರಿಸಿತು. ತೀವ್ರವಾಗಿ ಕೆಟ್ಟ ವಾಹನಗಳನ್ನು ಮರಳಿ ಕೊಂಡುಕೊಂಡಿತು. ನಂತರದ ಮಾದರಿಗಳ ಸುಮಾರು 15 ಲಕ್ಷ ವಾಹನಗಳಿಗೆ ಸಂಬಂಧಿಸಿದಂತೆ 2016ರಲ್ಲಿ ನ್ಯಾಯಾಲಯದ ಮೂಲಕ ರಾಜಿ ಪ್ರಸ್ತಾಪವಾಯಿತು. ಅದರ ಮೌಲ್ಯವನ್ನು 340 ಕೋಟಿ ಡಾಲರ್‌ವರೆಗೆ ಅಂದಾಜಿಸಲಾಗಿತ್ತು. ರಸ್ತೆಗೆ ಉಪ್ಪು ಹಾಕುವ ಪದ್ಧತಿ ಕಲಬುರಗಿಯಲ್ಲಿ ಇಲ್ಲ. ಆದರೆ ಗೊಬ್ಬರದ ಲವಣ ಮತ್ತು ಎರೆಮಣ್ಣಿನ ತೇವ ಸೇರಿದಾಗ ಉಕ್ಕಿನ ಮೇಲೆ ನಡೆಯುವ ಕ್ರಿಯೆ ಒಂದೇ ಬಗೆಯದು.

3. ತುಕ್ಕಿನಿಂದ ಮುರಿತದವರೆಗೆ

ತುಕ್ಕು ಮೂರು ವಿಧದಲ್ಲಿ ಉಕ್ಕನ್ನು ದುರ್ಬಲಗೊಳಿಸುತ್ತದೆ.

ಮೊದಲನೆಯದು, ದಪ್ಪ ಕಡಿಮೆಯಾಗುವುದು. 4 ಮಿ.ಮೀ. ದಪ್ಪದ ತಗಡು ಎರಡೂ ಬದಿಯಿಂದ ತಲಾ 1 ಮಿ.ಮೀ. ಸವೆದರೆ ಉಳಿಯುವುದು 2 ಮಿ.ಮೀ. ಮಾತ್ರ. ಅಂದರೆ ಲೋಹದ ಅರ್ಧ ಭಾಗ ಹೋಗಿರುತ್ತದೆ, ಹೊರೆ ಮಾತ್ರ ಮೊದಲಿನಷ್ಟೇ ಇರುತ್ತದೆ.

ಎರಡನೆಯದು, ಕುಳಿ ಬೀಳುವುದು. ತುಕ್ಕು ಎಲ್ಲೆಡೆ ಸಮನಾಗಿ ತಿನ್ನುವುದಿಲ್ಲ. ಅಲ್ಲಲ್ಲಿ ಬೀಳುವ ಸಣ್ಣ ಕುಳಿಗಳ ಸುತ್ತ ಒತ್ತಡವು ಕೇಂದ್ರೀಕೃತವಾಗುತ್ತದೆ. ಪ್ರತಿ ಗುಂಡಿ, ಪ್ರತಿ ಉಬ್ಬಿನಲ್ಲಿ ತೊಲೆಯು ಬಾಗಿ ಚೇತರಿಸಿಕೊಳ್ಳುವಾಗ ಕುಳಿಯ ತಳದಿಂದ ಬಿರುಕು ಆರಂಭವಾಗಿ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಬಿರುಕು ಬೆಳೆಯಲು ತಿಂಗಳುಗಳೇ ಬೇಕಾದರೂ ಕೊನೆಯ ಮುರಿತವು ಒಂದು ಕ್ಷಣದಲ್ಲಿ ಸಂಭವಿಸುತ್ತದೆ.

ಮೂರನೆಯದು, ಉಬ್ಬುವುದು. ತುಕ್ಕಿನ ಗಾತ್ರವು ಅದು ತಿಂದ ಲೋಹದ ಗಾತ್ರಕ್ಕಿಂತ ಹಲವು ಪಟ್ಟು ಹೆಚ್ಚು. ಎರಡು ಪಟ್ಟಿಗಳ ಅಥವಾ ಎರಡು ತಗಡುಗಳ ನಡುವೆ ಬೆಳೆದ ತುಕ್ಕು ಅವುಗಳನ್ನು ಪರಸ್ಪರ ದೂರ ತಳ್ಳುತ್ತದೆ. ರಿವೆಟ್ಟುಗಳು ಸಡಿಲವಾಗುತ್ತವೆ.

ಹೊರೆ ತುಂಬಿದ ವಾಹನದಲ್ಲಿ ಇದರ ಪರಿಣಾಮ ಹೀಗಿರುತ್ತದೆ. ಮೊದಲ ಪಟ್ಟಿಯು ಮುಂದಿನ ಸುರುಳಿಯ ಬಳಿ ತುಂಡಾದರೆ ಆ ಬದಿಯ ಆಕ್ಸೆಲ್ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಗಾಲಿಗಳು ಓರೆಯಾಗಿ, ಸ್ಟೇರಿಂಗ್ ನೇರವಾಗಿದ್ದರೂ ವಾಹನ ಪಕ್ಕಕ್ಕೆ ಎಳೆಯುತ್ತದೆ. ಯು-ಬೋಲ್ಟ್ ಸಡಿಲವಾದರೆ ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ಕತ್ತರಿಸಿಹೋಗಬಹುದು. ಬ್ರಾಕೆಟ್ ಚಾಸಿಯಿಂದ ಕಿತ್ತುಬಂದರೆ ತೊಟ್ಟಿ ಒಂದು ಬದಿಗೆ ಕುಸಿದು ಟೈರಿಗೆ ತಾಗುತ್ತದೆ. ಚಾಸಿಯು ಕ್ಯಾಬಿನ್‌ನ ಹಿಂಭಾಗದಲ್ಲಿ ಬಿರಿದರೆ ವಾಹನವೇ ಮಧ್ಯದಲ್ಲಿ ಬಾಗುತ್ತದೆ. ವೇಗದಲ್ಲಿರುವಾಗ ಅಥವಾ ಎದುರು ವಾಹನ ಬರುತ್ತಿರುವಾಗ ಹೀಗಾದಲ್ಲಿ ಚಾಲಕರಿಗೆ ತಪ್ಪಿಸಿಕೊಳ್ಳಲು ಅವಕಾಶವಿರುವುದಿಲ್ಲ. ಸರಕಿನ ಮೇಲೆ ಹಮಾಲರು ಅಥವಾ ಕೃಷಿ ಕಾರ್ಮಿಕರು ಕುಳಿತಿದ್ದರೆ ಪ್ರಾಣಹಾನಿಯ ಸಂಭವ ಹೆಚ್ಚು. ಸರಕಿನ ಮೇಲೆ ಜನರನ್ನು ಕೂರಿಸಿ ಸಾಗಿಸುವುದನ್ನು ನಿಯಮಗಳು ನಿರ್ಬಂಧಿಸಿರುವುದಕ್ಕೆ ಇದೂ ಒಂದು ಕಾರಣ.

ನಿಗದಿತ ತೂಕಕ್ಕಿಂತ ಹೆಚ್ಚು ಹೊರೆ ಹೇರುವುದರಿಂದ ಈ ಅಪಾಯ ಇಮ್ಮಡಿಯಾಗುತ್ತದೆ. ಕಲ್ಲು ಹಾಗೂ ಸಿಮೆಂಟು ನೋಡಲು ಅಲ್ಪವೆನಿಸಿದರೂ ಬೇಗನೆ ತೂಕದ ಮಿತಿಯನ್ನು ದಾಟುತ್ತವೆ. ಹೊಸ ಚಾಸಿ ಸಹಿಸಿಕೊಂಡ ಹೊರೆಯನ್ನು ತುಕ್ಕು ತಿಂದ ಚಾಸಿ ಸಹಿಸುವುದಿಲ್ಲ.

4. ಮಾಲೀಕರು ಸ್ವತಃ ಮಾಡಬಹುದಾದ ಪರಿಶೀಲನೆ

ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮುನ್ನ ಮತ್ತು ಮಳೆಗಾಲ ಮುಗಿದ ನಂತರ, ಈ ಪರಿಶೀಲನೆಯನ್ನು ಮಾಡುವುದು ಉತ್ತಮ. ಜಾಕ್ ಮಾತ್ರ ಕೊಟ್ಟು ಎತ್ತಿದ ವಾಹನದ ಕೆಳಗೆ ಯಾವ ಕಾರಣಕ್ಕೂ ನುಸುಳಬಾರದು. ಗ್ಯಾರೇಜಿನ ಗುಂಡಿ ಅಥವಾ ಗಟ್ಟಿ ಸ್ಟ್ಯಾಂಡುಗಳನ್ನು ಬಳಸಿ, ಗಾಲಿಗಳಿಗೆ ಅಡ್ಡಗಲ್ಲು ಕೊಡತಕ್ಕದ್ದು.

(1) ಸರಕು ಇಳಿಸಿ, ಸಮತಟ್ಟಾದ ನೆಲದ ಮೇಲೆ ವಾಹನವನ್ನು ನಿಲ್ಲಿಸಿ, ತೊಟ್ಟಿಯ ಎರಡೂ ಬದಿಯ ಎತ್ತರವನ್ನು ನೆಲದಿಂದ ಅಳೆಯಿರಿ. ವ್ಯತ್ಯಾಸ ಎದ್ದು ಕಂಡರೆ ಒಂದು ಬದಿಯ ಪಟ್ಟಿ ಮುರಿದಿರಬಹುದು ಅಥವಾ ಬ್ರಾಕೆಟ್ ಕುಸಿದಿರಬಹುದು.

(2) ಚಾಸಿಯನ್ನು ಒಳಬದಿಯೂ ಸೇರಿ ಚೆನ್ನಾಗಿ ತೊಳೆದು ಪೂರ್ಣವಾಗಿ ಒಣಗಲು ಬಿಡಿ. ನೀರು ಹೊರಹೋಗುವ ರಂಧ್ರಗಳನ್ನು ಕಡ್ಡಿಯಿಂದ ತೆರೆಯಿರಿ.

(3) ಬ್ಯಾಟರಿ ದೀಪದ ಬೆಳಕಿನಲ್ಲಿ ಪಟ್ಟಿಯ ಬ್ರಾಕೆಟ್‌ಗಳ ಸುತ್ತ, ಕ್ಯಾಬಿನ್ ಮತ್ತು ತೊಟ್ಟಿಯ ನಡುವಿನ ಭಾಗ, ಅಡ್ಡ ತೊಲೆ ಸೇರುವ ಜಾಗ, ಸ್ಟೇರಿಂಗ್ ಪೆಟ್ಟಿಗೆಯ ಜೋಡಣೆ ಹಾಗೂ ಹಳೆಯ ವೆಲ್ಡಿಂಗ್‌ನ ಅಂಚುಗಳನ್ನು ನೋಡಿ. ಸಣ್ಣ ಗೆರೆಯಿಂದ ಕೆಂಪು-ಕಂದು ಬಣ್ಣ ಇಳಿದಿದ್ದರೆ ಅದು ಬಿರುಕಿನ ಲಕ್ಷಣವಾಗಿರಬಹುದು.

(4) ತೊಲೆಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಉಕ್ಕು ಗಂಟೆಯಂತೆ ನಾದ ಕೊಡುತ್ತದೆ. ತುಕ್ಕು ತಿಂದ ಜಾಗ ಮಂದವಾದ ಸದ್ದು ಕೊಡುತ್ತದೆ, ಪದರಗಳು ಉದುರುತ್ತವೆ. ಅನುಮಾನವಿದ್ದಲ್ಲಿ ಸ್ಕ್ರೂ ಡ್ರೈವರ್‌ನ ತುದಿಯಿಂದ ಒತ್ತಿ. ಒಳಗೆ ಇಳಿದರೆ ವಾಹನವನ್ನು ರಸ್ತೆಗೆ ಇಳಿಸಬಾರದು.

(5) ಕಮಾನು ಪಟ್ಟಿಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಪಟ್ಟಿ ಪಕ್ಕಕ್ಕೆ ಸರಿದಿರುವುದು, ನಡುವೆ ಬಾಯಿ ಬಿಟ್ಟಿರುವುದು, ಯು-ಬೋಲ್ಟಿನ ಎಳೆಗಳು ತುಕ್ಕಿನಲ್ಲಿ ಮಾಯವಾಗಿರುವುದು, ನಟ್ಟಿನ ಸುತ್ತ ಹೊಳೆಯುವ ಉಜ್ಜಿದ ಗುರುತು ಇವು ಎಚ್ಚರಿಕೆಯ ಲಕ್ಷಣಗಳು.

(6) ಬ್ರೇಕಿನ ಕೊಳವೆಗಳ ಮೇಲೆ ಗುಳ್ಳೆಯಂತಹ ತುಕ್ಕು ಇದೆಯೇ ಎಂದು ನೋಡಿ.

(7) ಓಡಿಸುವಾಗ ಹಿಂಭಾಗದಿಂದ ಹೊಸದಾಗಿ ಕಟಕಟ ಸದ್ದು, ಒಂದೇ ಬದಿಗೆ ಎಳೆತ, ಟೈರಿನ ಒಂದೇ ಅಂಚು ಸವೆಯುವುದು, ಕ್ಯಾಬಿನ್ ಬಾಗಿಲು ಮೊದಲಿನಂತೆ ಕೂರದಿರುವುದು ಇವುಗಳನ್ನು ನಿರ್ಲಕ್ಷಿಸಬಾರದು.

5. ಬಣ್ಣ ಬಳಿಯುವ ರೂಢಿ

ತಪಾಸಣೆಯ ಹಿಂದಿನ ದಿನ ತುಕ್ಕಿನ ಮೇಲೆಯೇ ಕಪ್ಪು ಬಣ್ಣ ಬಳಿದು ವಾಹನ ತರುವುದುಂಟು. ಸಡಿಲ ತುಕ್ಕಿನ ಮೇಲೆ ಹಚ್ಚಿದ ಬಣ್ಣ ಲೋಹಕ್ಕೆ ಅಂಟುವುದಿಲ್ಲ. ಅದರಡಿ ಸಿಕ್ಕಿಬಿದ್ದ ತೇವವು ಒಳಗೇ ಕೆಲಸ ಮಾಡುತ್ತದೆ. ಬಿರುಕುಗಳು ಬಣ್ಣದಿಂದ ಮುಚ್ಚಿಹೋಗುತ್ತವೆ. ಮೋಟಾರು ವಾಹನ ನಿರೀಕ್ಷಕರ ಕಣ್ಣಿಗೆ ಬೀಳದಿರುವ ಬಿರುಕು ಮಾಲೀಕರ ಕಣ್ಣಿಗೂ ಬೀಳುವುದಿಲ್ಲ ಎಂಬುದನ್ನು ನೆನಪಿಡಬೇಕು. ಯಂತ್ರಗಳ ಮೂಲಕ ಬ್ರೇಕು ಮುಂತಾದವನ್ನು ಪರೀಕ್ಷಿಸುವ ಕೇಂದ್ರಗಳಲ್ಲಿಯೂ ಬ್ರೇಕು ಪರೀಕ್ಷಿಸುವ ಯಂತ್ರವು ತೊಲೆಯ ಉಳಿದ ದಪ್ಪವನ್ನು ಅಳೆಯುವುದಿಲ್ಲ.

ಅರ್ಹತಾ ಪತ್ರವು ತಪಾಸಣೆಯ ದಿನದಂದು ವಾಹನದ ಸ್ಥಿತಿಯ ಬಗ್ಗೆ ನೀಡುವ ಪತ್ರ. ಮುಂದಿನ ಎಲ್ಲ ದಿನಗಳಿಗೆ ಅದು ಖಾತರಿಯಲ್ಲ. ಆ ದಿನಗಳ ಹೊಣೆ ಮಾಲೀಕರದ್ದು.

ಬಳಸಿದ ಇಂಜಿನ್ ಎಣ್ಣೆಯನ್ನು ಚಾಸಿಗೆ ಹಾಗೂ ಪಟ್ಟಿಗಳಿಗೆ ಬಳಿಯುವುದೂ ರೂಢಿಯಲ್ಲಿದೆ. ಈ ಎಣ್ಣೆಯು ಧೂಳನ್ನು ಹಿಡಿಯುತ್ತದೆ, ರಬ್ಬರ್ ಬುಶ್‌ಗಳನ್ನು ಕೆಡಿಸುತ್ತದೆ, ಬ್ರೇಕಿನ ಭಾಗಗಳಿಗೆ ತಗುಲಿದರೆ ಅಪಾಯ ಮತ್ತು ನೆಲಕ್ಕೆ ಸೋರಿ ಮಣ್ಣು-ನೀರನ್ನು ಮಲಿನಗೊಳಿಸುತ್ತದೆ. ಆದ್ದರಿಂದ ಇದನ್ನು ಬಳಸಬಾರದು.

6. ದುರಸ್ತಿಯ ಕ್ರಮ

ಮೇಲ್ಮೈ ತುಕ್ಕು ಮಾತ್ರ ಇದ್ದಲ್ಲಿ ತಂತಿಯ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ, ಒಣಗಿಸಿ, ಸತುವಿನ ಅಂಶವಿರುವ ಪ್ರೈಮರ್ ಹಚ್ಚಿ, ಅದರ ಮೇಲೆ ಬಣ್ಣ ಬಳಿಯಬೇಕು. ತೊಲೆಗಳ ಒಳಭಾಗಕ್ಕೆ ಅದಕ್ಕಾಗಿಯೇ ದೊರೆಯುವ ಮೇಣದಂತಹ ಲೇಪನವನ್ನು ಸಿಂಪಡಿಸಬಹುದು. ನೀರಿನ ರಂಧ್ರಗಳನ್ನು ಮುಚ್ಚಬಾರದು.

ಮುರಿದ ಕಮಾನು ಪಟ್ಟಿಯನ್ನು ಎಂದಿಗೂ ವೆಲ್ಡಿಂಗ್ ಮಾಡಬಾರದು. ಪಟ್ಟಿಯ ಉಕ್ಕಿಗೆ ಕಾಯಿಸಿ ತಣಿಸುವ ಮೂಲಕ ವಿಶೇಷ ಗುಣ ಕೊಟ್ಟಿರುತ್ತಾರೆ. ವೆಲ್ಡಿಂಗ್‌ನ ಶಾಖ ತಗುಲಿದ ಜಾಗದಲ್ಲಿ ಆ ಗುಣ ನಾಶವಾಗಿ ಪಟ್ಟಿಯು ಅಲ್ಲಿಯೇ ಮತ್ತೆ ತುಂಡಾಗುತ್ತದೆ. ಬಿಚ್ಚಿದ ಹಳೆಯ ಯು-ಬೋಲ್ಟುಗಳನ್ನು ಮತ್ತೆ ಬಳಸದೆ ಹೊಸದನ್ನೇ ಹಾಕಬೇಕು. ಹೊರೆ ತುಂಬಿ ಸ್ವಲ್ಪ ದೂರ ಓಡಿಸಿದ ನಂತರ ನಟ್ಟುಗಳನ್ನು ಪುನಃ ಬಿಗಿಯಬೇಕು.

ಚಾಸಿಯ ಬಿರುಕಿಗೆ ರಸ್ತೆ ಬದಿಯಲ್ಲಿ ತಗಡಿನ ತೇಪೆ ಹಚ್ಚಿಸುವುದು ಸುರಕ್ಷಿತವಲ್ಲ. ತುಕ್ಕು ತಿಂದ ತೆಳು ಉಕ್ಕಿಗೆ ಹಚ್ಚಿದ ತೇಪೆಯ ಅಂಚಿನಲ್ಲಿಯೇ ಹೊಸ ಬಿರುಕು ಆರಂಭವಾಗುತ್ತದೆ. ತಯಾರಕರು ಸೂಚಿಸಿದ ವಿಧಾನದಂತೆ, ಅನುಭವವುಳ್ಳ ಕಾರ್ಯಾಗಾರದಲ್ಲಿ, ಗಟ್ಟಿ ಲೋಹ ಸಿಗುವವರೆಗೆ ಕೆಟ್ಟ ಭಾಗವನ್ನು ತೆಗೆದು ದುರಸ್ತಿ ಮಾಡಿಸತಕ್ಕದ್ದು. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಇಂಧನ ಟ್ಯಾಂಕು ಹಾಗೂ ಕೊಳವೆಗಳನ್ನು ಸುರಕ್ಷಿತಗೊಳಿಸಬೇಕು. ದುರಸ್ತಿಯ ರಸೀದಿಗಳನ್ನು ಕಾಯ್ದಿಡುವುದು ಮುಂದಿನ ತಪಾಸಣೆಗೂ ಮಾರಾಟಕ್ಕೂ ಅನುಕೂಲ.

7. ಚಾಸಿ ಸಂಖ್ಯೆಯ ರಕ್ಷಣೆ

ಚಾಸಿಯ ಮೇಲೆ ಒತ್ತಿರುವ ಸಂಖ್ಯೆಯೇ ವಾಹನದ ಗುರುತು. ತುಕ್ಕಿನಿಂದ ಈ ಸಂಖ್ಯೆ ಅಳಿಸಿದರೆ ನೋಂದಣಿ ಪ್ರಮಾಣ ಪತ್ರದೊಂದಿಗೆ ತಾಳೆ ನೋಡಲು ಸಾಧ್ಯವಾಗುವುದಿಲ್ಲ ಮತ್ತು ಅರ್ಜಿ ತಡೆಯಾಗುತ್ತದೆ. ಸಂಖ್ಯೆ ಇರುವ ಜಾಗವನ್ನು ಮೃದುವಾಗಿ ಶುಚಿಗೊಳಿಸಿ ತೆಳುವಾಗಿ ಗ್ರೀಸ್ ಹಚ್ಚಿಡಬೇಕು. ಅಲ್ಲಿ ಗ್ರೈಂಡರ್ ಬಳಸಬಾರದು. ಸಂಖ್ಯೆ ಓದಲು ಬಾರದಂತಿದ್ದರೆ ಸ್ವತಃ ಅಥವಾ ಗ್ಯಾರೇಜಿನಲ್ಲಿ ಹೊಸದಾಗಿ ಒತ್ತಿಸದೆ, ಮೊದಲು ನೋಂದಣಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸತಕ್ಕದ್ದು. ಚಾಸಿಯನ್ನೇ ಬದಲಾಯಿಸುವುದಾದರೂ ಪೂರ್ವಾನುಮತಿ ಅಗತ್ಯ.

8. ಕಾನೂನಿನ ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 56ರಂತೆ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಸಿಂಧುವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸಲಾಗುವುದಿಲ್ಲ. ವಾಹನವು ನಿಯಮಗಳಿಗೆ ಅನುಗುಣವಾಗಿಲ್ಲವೆಂದು ಕಂಡುಬಂದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಿ, ನೀಡಿದ ಪತ್ರವನ್ನು ರದ್ದುಪಡಿಸಲೂ ಅವಕಾಶವಿದೆ.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 62ರಂತೆ ಹೊಸ ಸಾರಿಗೆ ವಾಹನಕ್ಕೆ 2 ವರ್ಷ, ನಂತರ 8 ವರ್ಷ ಮೀರದ ವಾಹನಕ್ಕೆ ನವೀಕರಣವು 2 ವರ್ಷ, 8 ವರ್ಷ ಮೀರಿದ ವಾಹನಕ್ಕೆ 1 ವರ್ಷದ ಅವಧಿಗೆ ದೊರೆಯುತ್ತದೆ. ಹಳೆಯ ವಾಹನಕ್ಕೆ ಅವಧಿ ಕಡಿಮೆ ಇರುವುದು ದೋಷಗಳು ಬೇಗ ಬೆಳೆಯುತ್ತವೆ ಎಂಬ ಕಾರಣಕ್ಕೆ.

ಪ್ರಕರಣ 190ನ್ನು ಮಾಲೀಕರು ವಿಶೇಷವಾಗಿ ಗಮನಿಸಬೇಕು. ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಮಾತ್ರವಲ್ಲ, ಓಡಿಸಲು ಬಿಡುವುದೂ ಅಪರಾಧ. ದೋಷ ತಿಳಿದಿರಲಿಲ್ಲ ಎಂಬ ಸಮಜಾಯಿಷಿ ಸಾಲದು. ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷವೂ ಇದರ ವ್ಯಾಪ್ತಿಗೆ ಬರುತ್ತದೆ. 2019ರ ತಿದ್ದುಪಡಿಯ ನಂತರ ಅಧಿನಿಯಮದಲ್ಲಿ ಇದಕ್ಕೆ 1,500 ರೂ. ದಂಡವಿದೆ. ದೋಷದಿಂದ ಅಪಘಾತವಾಗಿ ಗಾಯ ಅಥವಾ ಆಸ್ತಿ ಹಾನಿಯಾದಲ್ಲಿ 3 ತಿಂಗಳವರೆಗೆ ಕಾರಾಗೃಹ ವಾಸ, ಅಥವಾ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮೇಲೆ ವಿವರಿಸಿದ ತೊಳೆಯುವ, ತಟ್ಟುವ, ನೋಡುವ ಪರಿಶೀಲನೆಯು ಯಾವ ಮಾಲೀಕರೂ ಮಾಡಬಹುದಾದ ಸಾಮಾನ್ಯ ಎಚ್ಚರವೇ ಆಗಿದೆ.

ಅಧಿಕ ಹೊರೆಗೆ ಪ್ರಕರಣ 194ರಂತೆ 20,000 ರೂ. ದಂಡ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ನಿಗದಿಯಾಗಿದೆ. ಇನ್ನು ಪ್ರಕರಣ 110-ಎ ಅಡಿಯಲ್ಲಿ ಒಂದು ಮಾದರಿಯ ವಾಹನಗಳಲ್ಲಿ ಅಪಾಯಕಾರಿ ದೋಷ ಕಂಡುಬಂದಲ್ಲಿ ಕೇಂದ್ರ ಸರ್ಕಾರವು ತಯಾರಕರಿಗೆ ವಾಹನಗಳನ್ನು ಹಿಂಪಡೆಯಲು ಆದೇಶಿಸಬಹುದು. ಇದು ಉತ್ಪಾದನಾ ದೋಷಕ್ಕೆ ಸಂಬಂಧಿಸಿದ ಕ್ರಮ. ನಿರ್ವಹಣೆಯ ಕೊರತೆಯಿಂದ ಬಂದ ತುಕ್ಕಿಗೆ ಅನ್ವಯಿಸುವುದಿಲ್ಲ.

9. ಅರ್ಜಿ ಸಲ್ಲಿಸುವ ಕ್ರಮ

ಕಮಲಾಪುರವು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗಿದ್ದರೂ ಅಲ್ಲಿನ ವಾಹನಗಳ ನೋಂದಣಿ ಕೆಲಸಗಳು ಕೆಎ-32 ಸಂಕೇತದ ಕಲಬುರಗಿ ಪ್ರಾದೇಶಿಕ ಸಾರಿಗೆ ಕಛೇರಿಗೆ ಸಂಬಂಧಿಸಿವೆ. ಅರ್ಹತಾ ಪತ್ರದ ನವೀಕರಣಕ್ಕೆ ಪರಿವಾಹನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ, ಶುಲ್ಕ ಪಾವತಿಸಿ, ನಿಗದಿತ ದಿನದಂದು ವಾಹನವನ್ನು ಹಾಜರುಪಡಿಸಬೇಕು. ವಾಹನದ ವಯಸ್ಸಿಗೆ ಅನುಗುಣವಾಗಿ ಶುಲ್ಕ ಬದಲಾಗುತ್ತದೆ ಮತ್ತು ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ. ಅರ್ಜಿ ಸಲ್ಲಿಸುವ ದಿನದ ದರವನ್ನು ಜಾಲತಾಣದಲ್ಲಿಯೇ ನೋಡಿಕೊಳ್ಳಬೇಕು.

ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ, ತೆರಿಗೆ ಪಾವತಿಯ ದಾಖಲೆ, ಹೊಗೆ ತಪಾಸಣಾ ಪತ್ರ ಮತ್ತು ಅನ್ವಯಿಸಿದಲ್ಲಿ ರಹದಾರಿಯನ್ನು ಸಿದ್ಧವಿಟ್ಟುಕೊಳ್ಳಬೇಕು. ವಾಹನದ ಕೆಳಭಾಗವನ್ನು ತೊಳೆದು ತರಬೇಕು. ದೊಡ್ಡ ದುರಸ್ತಿ ಆಗಿದ್ದಲ್ಲಿ ರಸೀದಿಯನ್ನು ತೋರಿಸಿ ನಿರೀಕ್ಷಕರಿಗೆ ಆ ಜಾಗವನ್ನು ತಿಳಿಸುವುದು ಒಳ್ಳೆಯದು.

ದೋಷ ಕಂಡು ಅರ್ಹತಾ ಪತ್ರ ನಿರಾಕರಿಸಿದಲ್ಲಿ, ಸೂಚಿಸಿದ ದುರಸ್ತಿ ಮಾಡಿಸಿ ವಾಹನವನ್ನು ಮರು ತಪಾಸಣೆಗೆ ಹಾಜರುಪಡಿಸಬಹುದು. ಆದೇಶದಿಂದ ಬಾಧಿತರಾದವರು ಪ್ರಕರಣ 57ರಂತೆ ಆದೇಶದ ನೋಟೀಸು ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

10. ಖರ್ಚಿನ ಲೆಕ್ಕಾಚಾರ

ದುರಸ್ತಿಯ ಖರ್ಚಿಗೆ ಹೆದರಿ ಅನೇಕರು ಮುಂದೂಡುತ್ತಾರೆ. ಒಂದು ಕಲ್ಪಿತ ಉದಾಹರಣೆಯನ್ನು ಪರಿಶೀಲಿಸಬಹುದು. ವಾಹನದ ಈಗಿನ ಬೆಲೆ 1,60,000 ರೂ. ಎಂದಿಟ್ಟುಕೊಳ್ಳೋಣ. ಚಾಸಿಯ ದೊಡ್ಡ ದುರಸ್ತಿಗೆ 65,000 ರೂ. ತಗಲುತ್ತದೆ. ದುರಸ್ತಿಯ 12 ದಿನ ದುಡಿಮೆ ನಿಂತು, ದಿನಕ್ಕೆ 1,200 ರೂ.ನಂತೆ 14,400 ರೂ. ನಷ್ಟ. ಒಟ್ಟು 79,400 ರೂ., ಅಂದರೆ ವಾಹನದ ಬೆಲೆಯ ಸುಮಾರು ಅರ್ಧ. ಇದರ ಬದಲು ಪ್ರತಿ ವರ್ಷ ತೊಳೆದು ಲೇಪನ ಮಾಡಿಸಲು 3,000 ರೂ. ಹಾಗೂ ಒಂದು ದಿನದ ದುಡಿಮೆ 1,200 ರೂ. ಸೇರಿ 4,200 ರೂ. ಆದರೆ ಹತ್ತು ವರ್ಷಕ್ಕೆ 42,000 ರೂ. ಮಾಲೀಕರು ತಮ್ಮ ವಾಹನದ ನಿಜವಾದ ಅಂಕಿಗಳನ್ನು ಇದೇ ರೀತಿ ಬರೆದು ನೋಡಬಹುದು. ಅಪಘಾತವಾದಲ್ಲಿ ಆಗುವ ನಷ್ಟ ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ದುರಸ್ತಿಗೆ ಮೀರಿ ಚಾಸಿ ಕೆಟ್ಟಿದ್ದರೆ ವಾಹನವನ್ನು ಮಾರಿ ಅಪಾಯವನ್ನು ಮತ್ತೊಬ್ಬರಿಗೆ ದಾಟಿಸುವುದು ಸರಿಯಲ್ಲ. 2021ರ ನಿಯಮಗಳಂತೆ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣ ಪತ್ರ ಪಡೆಯಬಹುದು. ಈ ಪತ್ರದ ಆಧಾರದ ಮೇಲೆ ಹೊಸ ಸಾರಿಗೆ ವಾಹನದ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿಗೆ ಕೇಂದ್ರ ನಿಯಮಗಳು ಅವಕಾಶ ಕಲ್ಪಿಸಿವೆ. ಅನ್ವಯವಾಗುವ ರಿಯಾಯಿತಿಯನ್ನು ಕಛೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಅನಧಿಕೃತ ಗುಜರಿಗೆ ಕೊಟ್ಟರೆ ಈ ಪತ್ರ ದೊರೆಯುವುದಿಲ್ಲ, ನೋಂದಣಿಯೂ ಮಾಲೀಕರ ಹೆಸರಿನಲ್ಲಿಯೇ ಉಳಿಯುವ ಸಂಭವವಿದೆ.

11. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಅರ್ಹತಾ ಪತ್ರ ಎರಡು ತಿಂಗಳ ಹಿಂದಷ್ಟೇ ದೊರೆತಿದೆ. ಈಗ ಬಿರುಕು ಕಂಡಿದೆ. ವಾಹನ ಓಡಿಸಬಹುದೇ?
ಉತ್ತರ: ಓಡಿಸಬಾರದು. ಪತ್ರದ ಅವಧಿ ಇದ್ದರೂ ಪ್ರಕರಣ 190 ಅನ್ವಯಿಸುತ್ತದೆ. ಮೊದಲು ದುರಸ್ತಿ ಮಾಡಿಸತಕ್ಕದ್ದು.

ಪ್ರಶ್ನೆ: ಬಣ್ಣ ಬಳಿಯದೆ ತಂದರೆ ವಾಹನ ತಿರಸ್ಕೃತವಾಗುವುದೇ?
ಉತ್ತರ: ಪ್ರೈಮರ್ ಹಚ್ಚಿದ ಶುಚಿಯಾದ ಚಾಸಿಯಲ್ಲಿ ಲೋಹದ ಸ್ಥಿತಿ ಸ್ಪಷ್ಟವಾಗಿ ಕಾಣುತ್ತದೆ. ತುಕ್ಕನ್ನು ಪೂರ್ಣ ತೆಗೆದು ನಂತರ ಬಣ್ಣ ಬಳಿಯಲು ಅಡ್ಡಿಯಿಲ್ಲ. ತುಕ್ಕಿನ ಮೇಲೆಯೇ ಬಳಿಯುವುದು ತಪ್ಪು.

ಪ್ರಶ್ನೆ: ಬೇರೆ ರಾಜ್ಯದ ಹಳೆಯ ಪಿಕಪ್ ಕೊಳ್ಳುವಾಗ ನಿರಾಕ್ಷೇಪಣಾ ಪತ್ರ ಇದ್ದರೆ ಸಾಕೇ?
ಉತ್ತರ: ಸಾಲದು. ಆ ಪತ್ರವು ದಾಖಲೆಗಳಿಗೆ ಸಂಬಂಧಿಸಿದ್ದು, ಚಾಸಿಯ ಸ್ಥಿತಿಗೆ ಸಂಬಂಧಿಸಿದ್ದಲ್ಲ. ಮುಂಗಡ ಕೊಡುವ ಮುನ್ನ ವಾಹನ ಎಲ್ಲಿ ಓಡಿದೆ ಎಂದು ವಿಚಾರಿಸಿ, ನಂಬಿಕೆಯ ಮೆಕ್ಯಾನಿಕ್‌ನಿಂದ ಕೆಳಭಾಗವನ್ನು ಪರೀಕ್ಷಿಸಿರಿ. ಚಾಸಿಗೆ ಹೊಸ ಬಣ್ಣವಿದ್ದರೆ ಇನ್ನೂ ಹೆಚ್ಚು ಎಚ್ಚರ ವಹಿಸಿರಿ.

ಪ್ರಶ್ನೆ: ಗೊಬ್ಬರ ಸಾಗಿಸಿದ ದಿನ ಏನು ಮಾಡಬೇಕು?
ಉತ್ತರ: ಹೇರುವ ಮುನ್ನ ತೊಟ್ಟಿಗೆ ತಾಡಪತ್ರಿ ಹಾಸಬೇಕು. ಇಳಿಸಿದ ನಂತರ ಮೊದಲು ಗುಡಿಸಿ, ಆಮೇಲೆ ಧಾರಾಳವಾಗಿ ನೀರು ಹಾಕಿ ತೊಟ್ಟಿ ಹಾಗೂ ಚಾಸಿಯನ್ನು ತೊಳೆದು ಒಣಗಲು ಬಿಡಬೇಕು.

ಪ್ರಶ್ನೆ: ವಾಹನವು ಬಾಡಿಗೆ ಚಾಲಕರ ಕೈಯಲ್ಲಿದೆ. ಹೊಣೆ ಯಾರದು?
ಉತ್ತರ: ಓಡಿಸುವವರು ಹಾಗೂ ಓಡಿಸಲು ಬಿಡುವವರು ಇಬ್ಬರೂ ಹೊಣೆಗಾರರು. ಚಾಲಕರು ಸದ್ದು ಅಥವಾ ಎಳೆತದ ಬಗ್ಗೆ ತಿಳಿಸಿದಾಗ ಮಾಲೀಕರು ಅದನ್ನು ಕಡೆಗಣಿಸಬಾರದು.

ವಾಹನ ಮಾಲೀಕರು ಮತ್ತು ಚಾಲಕರು ಮೇಲಿನ ಅಂಶಗಳನ್ನು ಪಾಲಿಸಿ, ತಮ್ಮ ಹಾಗೂ ರಸ್ತೆ ಬಳಸುವ ಇತರರ ಸುರಕ್ಷತೆಗೆ ಸಹಕರಿಸಬೇಕೆಂದು ಕೋರಲಾಗಿದೆ.